ತೆರಿಗೆ ಇಳಿಸಿದರೆ ಎಲ್ಲಾ ಸರಿ ಹೋಗುತ್ತಾ, ಭಾವ?

ಕಳೆದ ಭಾನುವಾರ ಭಾವನ ಜೊತೆ ಫೋನಿನಲ್ಲಿ ಮುಕ್ಕಾಲು ಗಂಟೆ ವಾದ ಆಯಿತು. ಅವರದ್ದು ಒಂದೇ ಮಾತು. "ತೆರಿಗೆ ಇಳಿಸಬೇಕು, ಕರೆಂಟು ಪೆಟ್ರೋಲು ಅಗ್ಗ ಮಾಡಬೇಕು, ರಸ್ತೆ ಆಸ್ಪತ್ರೆಗೆ ದುಡ್ಡು ಜಾಸ್ತಿ ಹಾಕಬೇಕು. ದೇಶ ತಾನಾಗೇ ಮುಂದೆ ಬರುತ್ತೆ. ಇದರಲ್ಲಿ ಕಷ್ಟ ಏನಿದೆ ಹೇಳು?" ನಾನು, "ಮೂರನ್ನೂ ಒಟ್ಟಿಗೆ ಮಾಡೋಕೆ ಹೋದವರ ಕಥೆ ಗೊತ್ತಾ ನಿಮಗೆ?" ಅಂದೆ. "ಹೇಳು, ಕೇಳೋಣ" ಅಂದರು. ಅಷ್ಟರಲ್ಲಿ ಅಕ್ಕ ಫೋನ್ ಕಿತ್ತುಕೊಂಡಳು. ಹೇಳಬೇಕು ಅಂತ ಇದ್ದದ್ದೆಲ್ಲ ಹೊಟ್ಟೆಯಲ್ಲೇ ಉಳಿಯಿತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಭಾವ, ಓದಿ. ಉದ್ದ ಇದೆ, ಬೈಯಬೇಡಿ.

ಸರ್ಕಾರದಲ್ಲಿ ತೆರಿಗೆಗೆ ಒಬ್ಬ ಮಂತ್ರಿ ಇರುತ್ತಾರೆ, ಇಂಧನಕ್ಕೆ ಇನ್ನೊಬ್ಬರು, ಖರ್ಚು ಮಾಡುವವರು ಹತ್ತಾರು ಜನ. ಟಿವಿಯಲ್ಲೂ ಬೇರೆ ಬೇರೆ ದಿನ ಬೇರೆ ಬೇರೆ ಚರ್ಚೆ. ಆದರೆ ಜೇಬು ಒಂದೇ. ತೆರಿಗೆ ಇಳಿಸಿದರೆ ಬರುವ ದುಡ್ಡು ಕಮ್ಮಿ, ಪೆಟ್ರೋಲು ಅಗ್ಗ ಮಾಡಿದರೆ ಹೋಗುವ ದುಡ್ಡು ಜಾಸ್ತಿ, ನಡುವಿನ ಕಂದಕಕ್ಕೆ ಸಾಲವೋ, ನೋಟು ಮುದ್ರಣವೋ, ಇಲ್ಲ ಯಾವುದೋ ಸರ್ಕಾರಿ ಕಂಪನಿಯ ಬಾಕಿಯೋ ಬಂದು ಕೂರುತ್ತದೆ. ಈ ಕೊನೆಯದ್ದೇ ನನ್ನ ತಲೆ ತಿನ್ನುವ ವಿಷಯ. ತೆರಿಗೆ ಏರಿಸಿದರೆ ಜನ ಕೂಗುತ್ತಾರೆ, ಸಾಲ ಮಾಡಿದರೆ ಪೇಪರಿನವರು ಬರೆಯುತ್ತಾರೆ. ಆದರೆ ಕರೆಂಟಿನ ದರದ ಒಳಗೆ, ಡೀಸೆಲ್ ಬೆಲೆಯ ಒಳಗೆ ದೊಡ್ಡ ಖರ್ಚನ್ನು ಮುಚ್ಚಿಟ್ಟರೆ ವರ್ಷಗಟ್ಟಲೆ ಯಾರಿಗೂ ಗೊತ್ತಾಗುವುದಿಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ.

ಇಂಧನ ಯಾಕೆ ಇಷ್ಟು ಮುಖ್ಯ ಅಂತ ಕೇಳಬಹುದು. ಅಕ್ಕಿ ಬೇಳೆ ಬಟ್ಟೆಯ ಹಾಗೆ ಅದೂ ಒಂದು ಸರಕು ಅಲ್ವಾ? ಅಲ್ಲ. ಉಳಿದ ಎಲ್ಲಾ ಸರಕಿನ ಹೊಟ್ಟೆಯೊಳಗೆ ಅದು ಕೂತಿರುತ್ತದೆ. ಒಂದು ಸಣ್ಣ ಘಟನೆ ಹೇಳುತ್ತೇನೆ. 2021ರ ಸೆಪ್ಟೆಂಬರಿನಲ್ಲಿ ಬ್ರಿಟನ್ನಿನಲ್ಲಿ ನೈಸರ್ಗಿಕ ಅನಿಲದ ಬೆಲೆ ಗಗನಕ್ಕೆ ಹೋಯಿತು. ಅಲ್ಲಿನ ಎರಡು ಗೊಬ್ಬರ ಕಾರ್ಖಾನೆಗಳು ನಷ್ಟದಲ್ಲಿ ಓಡಿಸೋಕಾಗಲ್ಲ ಅಂತ ಬಾಗಿಲು ಹಾಕಿದವು. ಗೊಬ್ಬರ ಮಾಡಲು ಅಮೋನಿಯಾ ಬೇಕು, ಅಮೋನಿಯಾ ಮಾಡಲು ಅನಿಲ ಬೇಕು. ಸರಿ, ಗೊಬ್ಬರ ಕಮ್ಮಿಯಾಗುತ್ತದೆ, ಅಷ್ಟೇ ತಾನೇ ಅಂದುಕೊಂಡರೆ ತಪ್ಪು. ಅಮೋನಿಯಾ ಮಾಡುವಾಗ ಪಕ್ಕದಲ್ಲಿ ಕಾರ್ಬನ್ ಡೈಆಕ್ಸೈಡ್ ಹುಟ್ಟುತ್ತದೆ. ಬ್ರಿಟನ್ನಿನ ಮಾರುಕಟ್ಟೆಗೆ ಬೇಕಾದ ಕಾರ್ಬನ್ ಡೈಆಕ್ಸೈಡಿನಲ್ಲಿ ಸುಮಾರು 60% ಬರುತ್ತಿದ್ದದ್ದು ಈ ಎರಡೇ ಕಾರ್ಖಾನೆಗಳಿಂದ. ಅದು ನಿಂತ ಕೂಡಲೇ ಮಾಂಸದ ಉದ್ಯಮ ಕಂಗಾಲಾಯಿತು, ಯಾಕೆಂದರೆ ಹಂದಿ ಕೋಳಿಗಳಿಗೆ ಪ್ರಜ್ಞೆ ತಪ್ಪಿಸಲು ಅದೇ ಅನಿಲ ಬೇಕು. ಆಹಾರ ಪ್ಯಾಕ್ ಮಾಡಲೂ ಅದೇ, ಸೋಡಾ ಬಾಟಲಿಯ ಗುಳ್ಳೆಗೂ ಅದೇ. ಒಂದೇ ವಾರದಲ್ಲಿ ಸರ್ಕಾರ ತೆರಿಗೆದಾರರ ದುಡ್ಡು ಕೊಟ್ಟು ಮೂರು ವಾರದ ಮಟ್ಟಿಗೆ ಕಾರ್ಖಾನೆ ಶುರು ಮಾಡಿಸಿತು. ಅನಿಲದ ಬೆಲೆ ಏರಿದ್ದಕ್ಕೆ ಸೋಡಾ ಬಾಟಲಿಯ ಗುಳ್ಳೆಗೆ ಖಜಾನೆಯಿಂದ ಸಬ್ಸಿಡಿ! ಇಂಧನ ಅಂದರೆ ಹೀಗೆ.

ಈಗ ಭಾವ ಕೇಳಬೇಕಿದ್ದ ಕಥೆ. ಅದೂ ಬ್ರಿಟನ್ನಿನದ್ದೇ, ಮರುವರ್ಷದ್ದು.

2022ರ ಸೆಪ್ಟೆಂಬರ್ 8. ಲಿಜ್ ಟ್ರಸ್ ಪ್ರಧಾನಿಯಾಗಿ ಎರಡು ದಿನ ಆಗಿತ್ತು. ಯುಕ್ರೇನ್ ಯುದ್ಧದಿಂದ ಅನಿಲದ ಬೆಲೆ ಹುಚ್ಚೆದ್ದು ಏರಿತ್ತು. ಸಾಮಾನ್ಯ ಮನೆಯೊಂದರ ವಾರ್ಷಿಕ ಇಂಧನ ಬಿಲ್ಲು ಅಕ್ಟೋಬರಿನಿಂದ 3,549 ಪೌಂಡಿಗೆ ಹೋಗುವುದಿತ್ತು. ಅದನ್ನು 2,500 ಪೌಂಡಿಗೆ ಕಟ್ಟಿಹಾಕುತ್ತೇವೆ, ಎರಡು ವರ್ಷ, ಮೇಲಿನದ್ದು ಸರ್ಕಾರದ ಲೆಕ್ಕ ಅಂತ ಘೋಷಿಸಿದರು. ಅದೇ ಸಂಜೆ ರಾಣಿ ಎಲಿಜಬೆತ್ ತೀರಿಕೊಂಡರು. ಇಷ್ಟು ದೊಡ್ಡ ಖರ್ಚಿನ ಸುದ್ದಿ ಆ ಸುದ್ದಿಯ ಕೆಳಗೆ ಮುಳುಗಿಹೋಯಿತು. ಮನೆ ಮತ್ತು ಉದ್ಯಮ ಎರಡೂ ಸೇರಿ ಮೊದಲ ಆರು ತಿಂಗಳಿಗೇ 6,000 ಕೋಟಿ ಪೌಂಡ್ ಆಗಬಹುದು ಅಂತ ಸರ್ಕಾರವೇ ಅಂದಾಜು ಕೊಟ್ಟಿತು. ಗಮನಿಸಿ, ಅದು ಅಂದಾಜು ಅಷ್ಟೇ. ಅನಿಲದ ಬೆಲೆ ಎಷ್ಟಾದರೂ ಆಗಬಹುದಿತ್ತು, ಬಿಲ್ಲೂ ಎಷ್ಟಾದರೂ ಆಗಬಹುದಿತ್ತು. ಚೆಕ್ಕಿಗೆ ಸಹಿ ಹಾಕಿ, ಮೊತ್ತದ ಜಾಗ ಖಾಲಿ ಬಿಟ್ಟು, ಮಾರುಕಟ್ಟೆಯ ಕೈಗೆ ಕೊಟ್ಟ ಹಾಗೆ.

ಎರಡು ವಾರ ಬಿಟ್ಟು, ಸೆಪ್ಟೆಂಬರ್ 23ರಂದು ಹಣಕಾಸು ಮಂತ್ರಿ ಕ್ವಾಸಿ ಕ್ವಾರ್ಟೆಂಗ್ ಎದ್ದು ನಿಂತು ವರ್ಷಕ್ಕೆ 4,500 ಕೋಟಿ ಪೌಂಡಿನ ತೆರಿಗೆ ಕಡಿತ ಘೋಷಿಸಿದರು. 1972ರ ನಂತರ ಆ ದೇಶ ಕಂಡ ದೊಡ್ಡ ಕಡಿತ. ಶ್ರೀಮಂತರ 45% ದರವೇ ರದ್ದು. ಕಂಪನಿಗಳ ತೆರಿಗೆ 19ರಿಂದ 25%ಗೆ ಏರಬೇಕಿತ್ತು, ಅದೂ ರದ್ದು. ದುಡ್ಡು ಎಲ್ಲಿಂದ ಅಂತ ಕೇಳಿದರೆ ಬೆಳವಣಿಗೆಯಿಂದ ಬರುತ್ತೆ ಅನ್ನುವ ಉತ್ತರ. ಬಜೆಟ್ಟಿನ ಲೆಕ್ಕ ತಪಾಸಣೆ ಮಾಡಿ ಮುನ್ನಂದಾಜು ಕೊಡುವ ಸ್ವತಂತ್ರ ಸಂಸ್ಥೆಯೊಂದು ಅಲ್ಲಿದೆ. ಅದರ ವರದಿಯನ್ನೇ ಜೊತೆಗೆ ಇಡಲಿಲ್ಲ.

ಸೋಮವಾರ ಬೆಳಿಗ್ಗೆ ಪೌಂಡು ಡಾಲರಿನ ಎದುರು 1.03ರ ಹತ್ತಿರಕ್ಕೆ ಬಿತ್ತು, ಹಿಂದೆಂದೂ ಅಷ್ಟು ಬಿದ್ದಿರಲಿಲ್ಲ. ಸರ್ಕಾರಕ್ಕೆ ಸಾಲ ಕೊಡುವವರು ಜಾಸ್ತಿ ಬಡ್ಡಿ ಕೇಳಿದರು, ಹಾಗಾಗಿ ಕಮ್ಮಿ ಬಡ್ಡಿಯ ಹಳೆಯ ಸಾಲಪತ್ರಗಳ, ಅಂದರೆ ಸರ್ಕಾರಿ ಬಾಂಡುಗಳ, ಬೆಲೆ ಕುಸಿಯಿತು. ಆಮೇಲೆ ನಡೆದದ್ದನ್ನು ನಾನು ಎಷ್ಟು ಸಲ ಓದಿದರೂ ಬೇಸರ ಬರುವುದಿಲ್ಲ. ಪಿಂಚಣಿ ನಿಧಿಗಳು ಈ ಸಾಲಪತ್ರಗಳನ್ನೇ ಅಡ ಇಟ್ಟು ಇನ್ನಷ್ಟು ವ್ಯವಹಾರ ಮಾಡಿದ್ದವು. ಬೆಲೆ ಬಿದ್ದ ಕೂಡಲೇ "ಇನ್ನಷ್ಟು ಅಡ ತನ್ನಿ" ಅಂತ ಕರೆ ಬಂತು. ಅದಕ್ಕೆ ನಗದು ಬೇಕು, ನಗದಿಗಾಗಿ ಅದೇ ಸಾಲಪತ್ರ ಮಾರಬೇಕು, ಮಾರಿದರೆ ಬೆಲೆ ಮತ್ತೂ ಬೀಳುತ್ತದೆ, ಬಿದ್ದರೆ ಮತ್ತೆ ಕರೆ. ಸೆಪ್ಟೆಂಬರ್ 28ಕ್ಕೆ ಅಲ್ಲಿನ ಕೇಂದ್ರ ಬ್ಯಾಂಕು, ಬ್ಯಾಂಕ್ ಆಫ್ ಇಂಗ್ಲೆಂಡ್, ಮಧ್ಯೆ ಬಂದು ದಿನಕ್ಕೆ 500 ಕೋಟಿ ಪೌಂಡಿನವರೆಗೆ ಸಾಲಪತ್ರ ಕೊಳ್ಳುತ್ತೇನೆ ಅಂತ ಹೇಳಬೇಕಾಯಿತು. ಕೊನೆಗೆ ಕೊಂಡದ್ದು ಒಟ್ಟು 1,930 ಕೋಟಿಯಷ್ಟು. ಹಾಗೆ ಹೇಳಿದ್ದೇ ಅರ್ಧ ಕೆಲಸ ಮಾಡಿತು. ಅತ್ತ ಗೃಹಸಾಲ ಕೊಡುವವರು ತಮ್ಮ ಸಾಲ ಯೋಜನೆಗಳನ್ನು ರಾತ್ರೋರಾತ್ರಿ ವಾಪಸ್ ಪಡೆದರು. ಮನೆ ಕೊಳ್ಳಲು ಹೊರಟಿದ್ದವರಿಗೆ ತೆರಿಗೆಯಲ್ಲಿ ಉಳಿಯುತ್ತಿದ್ದದ್ದಕ್ಕಿಂತ ಜಾಸ್ತಿ ಬಡ್ಡಿಯಲ್ಲೇ ಹೋಗುವ ಹಾಗಾಯಿತು. ಅಕ್ಟೋಬರ್ 14ಕ್ಕೆ ಕ್ವಾರ್ಟೆಂಗ್ ಹೊರಗೆ. 17ಕ್ಕೆ ಹೊಸ ಮಂತ್ರಿ ಬಂದು ಹೆಚ್ಚು ಕಮ್ಮಿ ಎಲ್ಲವನ್ನೂ ರದ್ದು ಮಾಡಿದರು, ಎರಡು ವರ್ಷದ ಇಂಧನ ಭರವಸೆಯನ್ನೂ ಏಪ್ರಿಲಿಗೆ ಮೊಟಕು ಮಾಡಿದರು. 20ಕ್ಕೆ ಟ್ರಸ್ ರಾಜೀನಾಮೆ ಘೋಷಿಸಿದರು.

ಎಲ್ಲರೂ ಇದನ್ನು ತೆರಿಗೆ ಕಡಿತದ ಕಥೆ ಅಂತ ಹೇಳುತ್ತಾರೆ. ನನಗೆ ಅದು ಅರ್ಧ ಕಥೆ. ಇಂಧನದ ಖಾಲಿ ಚೆಕ್ಕು ಮೊದಲೇ ಮೇಜಿನ ಮೇಲೆ ಇಲ್ಲದಿದ್ದರೆ ಆ ಕಡಿತಕ್ಕೆ ಮಾರುಕಟ್ಟೆ ಇಷ್ಟು ಹೆದರುತ್ತಿತ್ತಾ? ಹೆದರುತ್ತಿರಲಿಲ್ಲ ಅಂತ ನನ್ನ ಅನಿಸಿಕೆ. ತಮಾಷೆ ಏನೆಂದರೆ, ಆಮೇಲೆ ಅನಿಲದ ಬೆಲೆ ಇಳಿಯಿತು, ಇಂಧನದ ಖರ್ಚು ಮೊದಲು ಹೆದರಿದ್ದಕ್ಕಿಂತ ಕಮ್ಮಿಗೇ ಮುಗಿಯಿತು. ಅದೃಷ್ಟ ಇತ್ತು.

ಬ್ರಿಟನ್ ಶ್ರೀಮಂತ ದೇಶ, ಬಿದ್ದರೂ ಎದ್ದು ಮೈ ಕೊಡವಿಕೊಳ್ಳುತ್ತದೆ. ಶ್ರೀಲಂಕಾಕ್ಕೆ ಆ ಭಾಗ್ಯ ಇರಲಿಲ್ಲ.

2019ರ ಕೊನೆಗೆ ಅಲ್ಲಿ ಹೊಸ ಅಧ್ಯಕ್ಷ ಗೋಟಬಯ ರಾಜಪಕ್ಸ ಬಂದರು. ಬಂದವರೇ ವ್ಯಾಟ್ (ಸರಕು ಸೇವೆಗಳ ಮಾರಾಟದ ಮೇಲಿನ ತೆರಿಗೆ) ದರವನ್ನು 15ರಿಂದ 8%ಗೆ ಇಳಿಸಿದರು. ವ್ಯಾಟ್ ಕಟ್ಟಬೇಕಾದ ವ್ಯಾಪಾರದ ಮಿತಿಯನ್ನು ವರ್ಷಕ್ಕೆ ಅಲ್ಲಿನ 1.2 ಕೋಟಿ ರೂಪಾಯಿಯಿಂದ ಒಂದೇ ಏಟಿಗೆ 30 ಕೋಟಿಗೆ ಏರಿಸಿದರು. ಸಂಬಳದಲ್ಲೇ ಮುರಿದುಕೊಳ್ಳುವ ತೆರಿಗೆಯೂ ಹೋಯಿತು. ದರ ಇಳಿಸುವುದು ಒಂದು, ತೆರಿಗೆ ಕಟ್ಟುವವರ ಪಟ್ಟಿಯನ್ನೇ ಹರಿದು ಹಾಕುವುದು ಇನ್ನೊಂದು. ದರ ಮತ್ತೆ ಏರಿಸಬಹುದು, ಪಟ್ಟಿ ಮತ್ತೆ ಕಟ್ಟುವುದು ವರ್ಷಗಳ ಕೆಲಸ. ಮೊದಲೇ ಕಮ್ಮಿ ಇದ್ದ ತೆರಿಗೆ ಆದಾಯ 2020ರಲ್ಲಿ ಜಿಡಿಪಿಯ, ಅಂದರೆ ದೇಶದ ಒಟ್ಟು ಉತ್ಪಾದನೆಯ, ಸುಮಾರು 8%ಗೆ ಇಳಿಯಿತು. ಕೋವಿಡ್ ಬೇರೆ ಬಂತು, ಪ್ರವಾಸಿಗರು ಬರುವುದು ನಿಂತಿತು. ಸಾಲಕ್ಕೆ ರೇಟಿಂಗ್ ಕೊಡುವ ಸಂಸ್ಥೆಗಳು ಅಂಕ ಇಳಿಸಿದವು, ಹೊರಗಿನಿಂದ ಹೊಸ ಸಾಲ ಹುಟ್ಟುವುದು ನಿಂತಿತು.

ಈಗ ಇಂಧನದ ಕಡೆ ನೋಡಿ, ಅಲ್ಲೇ ಮಜಾ ಇರುವುದು. ಅಲ್ಲಿನ ವಿದ್ಯುತ್ ದರವನ್ನು 2013ರಿಂದ ಏರಿಸಿರಲೇ ಇಲ್ಲ. ಒಂಬತ್ತು ವರ್ಷ! ವಿದ್ಯುತ್ ಮಂಡಳಿ ನಷ್ಟದಲ್ಲಿ ಕರೆಂಟು ಮಾರುತ್ತಿತ್ತು, ಹಾಗಾಗಿ ತನಗೆ ಎಣ್ಣೆ ಕೊಡುವ ಸರ್ಕಾರಿ ಪೆಟ್ರೋಲಿಯಂ ನಿಗಮಕ್ಕೆ ದುಡ್ಡು ಬಾಕಿ ಇಟ್ಟಿತ್ತು. ನಿಗಮವೂ ಖರೀದಿ ಬೆಲೆಗಿಂತ ಕಮ್ಮಿಗೆ ಎಣ್ಣೆ ಮಾರುತ್ತಿತ್ತು, ಹಾಗಾಗಿ ಎರಡು ಸರ್ಕಾರಿ ಬ್ಯಾಂಕುಗಳಿಗೆ ಬಾಕಿ ಇಟ್ಟಿತ್ತು. ಬ್ಯಾಂಕಿನಲ್ಲಿ ಇದ್ದದ್ದು ಯಾರ ದುಡ್ಡು? ಅಗ್ಗದ ಕರೆಂಟು ಸಿಕ್ಕಿತು ಅಂತ ಖುಷಿಪಟ್ಟ ಅದೇ ಜನರ ಠೇವಣಿ. ಬಜೆಟ್ ಪುಸ್ತಕ ತೆರೆದು ನೋಡಿದರೆ ಈ ಸಬ್ಸಿಡಿ ಎಲ್ಲೂ ಕಾಣುವುದಿಲ್ಲ. ಮಂಡಳಿಯ ಲೆಕ್ಕದಿಂದ ನಿಗಮದ ಲೆಕ್ಕಕ್ಕೆ, ಅಲ್ಲಿಂದ ಬ್ಯಾಂಕಿನ ಲೆಕ್ಕಕ್ಕೆ ಜಾರಿಕೊಂಡು ಹೋಗುತ್ತಾ ಇತ್ತು.

ಎಣ್ಣೆಯನ್ನು ಡಾಲರ್ ಕೊಟ್ಟೇ ತರಬೇಕು. 2019ರ ಕೊನೆಗೆ 700 ಕೋಟಿ ಡಾಲರಿಗೂ ಜಾಸ್ತಿ ಇದ್ದ ವಿದೇಶಿ ವಿನಿಮಯ ಕರಗುತ್ತಾ ಬಂತು. ಡಾಲರಿನ ಬೆಲೆಯನ್ನು 200 ರೂಪಾಯಿ ಆಸುಪಾಸಿನಲ್ಲಿ ಬಲವಂತವಾಗಿ ಹಿಡಿದಿಟ್ಟಿದ್ದರು. 2022ರ ಮಾರ್ಚಿನಲ್ಲಿ ಕೈ ಬಿಟ್ಟರು, ಕೆಲವೇ ವಾರಗಳಲ್ಲಿ 350 ದಾಟಿತು. ಏಪ್ರಿಲ್ 12ರಂದು ವಿದೇಶಿ ಸಾಲ ಕಟ್ಟುವುದನ್ನು ನಿಲ್ಲಿಸುತ್ತೇವೆ ಅಂತ ಘೋಷಿಸಿದರು. ದಿನಕ್ಕೆ 13 ಗಂಟೆವರೆಗೆ ಕರೆಂಟು ಇಲ್ಲ. 2021ರ ಡಿಸೆಂಬರಿನಲ್ಲಿ ಲೀಟರಿಗೆ 177 ರೂಪಾಯಿ ಇದ್ದ ಪೆಟ್ರೋಲು ಆರು ತಿಂಗಳಲ್ಲಿ 470 ಆಯಿತು. 470 ಕೊಡಲು ತಯಾರಿದ್ದರೂ ಸಿಗುತ್ತಿರಲಿಲ್ಲ. ಜೂನ್ ಕೊನೆಗೆ ಅಗತ್ಯ ಸೇವೆ ಬಿಟ್ಟು ಉಳಿದವರಿಗೆ ಮಾರಾಟವನ್ನೇ ನಿಲ್ಲಿಸಿದರು. ಜುಲೈಯಲ್ಲಿ ಕ್ಯೂಆರ್ ಕೋಡ್ ಪಾಸ್ ಬಂತು, ಬೈಕಿಗೆ ವಾರಕ್ಕೆ 4 ಲೀಟರ್. ಆಗಸ್ಟಿನಲ್ಲಿ ಕರೆಂಟಿನ ದರ ಒಂದೇ ಸಲ ಸರಾಸರಿ 75% ಏರಿತು. ಒಂಬತ್ತು ವರ್ಷ ತಡೆದದ್ದೆಲ್ಲ ಅಣೆಕಟ್ಟು ಒಡೆದ ಹಾಗೆ ಬಂತು. ಸೆಪ್ಟೆಂಬರಿನಲ್ಲಿ ಹಣದುಬ್ಬರ 70%ರ ಹತ್ತಿರ. ಅದೇ ಸೆಪ್ಟೆಂಬರಿನಲ್ಲಿ ವ್ಯಾಟ್ ಮತ್ತೆ 15%ಗೆ ವಾಪಸ್, 2024ರ ಜನವರಿಯಿಂದ 18%. ಕಡಿತ ಅಂತ ಶುರುವಾಗಿದ್ದು ಹೊರಟ ಜಾಗಕ್ಕಿಂತ ಮೂರು ಮೆಟ್ಟಿಲು ಮೇಲೆ ಹೋಗಿ ನಿಂತಿತು. ರಾಸಾಯನಿಕ ಗೊಬ್ಬರ ನಿಷೇಧದ ತಪ್ಪೂ ಇದರ ಮಧ್ಯೆ ಇದೆ, ಅದೇ ಒಂದು ದೊಡ್ಡ ಕಥೆ, ಈಗ ಬೇಡ.

"ಹಾಗಾದರೆ ಸಬ್ಸಿಡಿಯನ್ನೇ ತೆಗೆದುಬಿಡಬೇಕು ಅಂತೀಯಾ?" ಭಾವ ಹೀಗೇ ಕೇಳುತ್ತಾರೆ, ನನಗೆ ಗೊತ್ತು. ತೆಗೆಯಬೇಕು. ಆದರೆ ಹೇಗೆ ಅನ್ನುವುದರಲ್ಲಿ ಎಲ್ಲಾ ಇದೆ.

ಅಗ್ಗದ ಪೆಟ್ರೋಲು ಬಡವರಿಗಾಗಿ ಅಂತ ಹೇಳುತ್ತಾರಲ್ಲ, ಲೀಟರ್ ಲೆಕ್ಕದಲ್ಲಿ ನೋಡಿ. ಎರಡು ಕಾರು ಇದ್ದವನಿಗೆ ಎರಡು ಕಾರಿನಷ್ಟು ಸಬ್ಸಿಡಿ. ನಡೆದುಕೊಂಡು ಹೋಗುವವನಿಗೆ ಬಸ್ಸಿನ ಟಿಕೆಟ್ಟಿನ ಮೂಲಕ ಸಿಕ್ಕಷ್ಟು ಸಿಕ್ಕಿತು. ಆದರೆ ತೆಗೆಯುವ ದಿನ ಹೊಡೆತ ಬೀಳುವುದು ಮಾತ್ರ ಆ ಬಸ್ಸಿನವನಿಗೇ, ಯಾಕೆಂದರೆ ಕಾರಿನವನಿಗೆ ತಡೆದುಕೊಳ್ಳುವ ಶಕ್ತಿ ಇರುತ್ತದೆ. ಹಾಗಾಗಿ ಶ್ರೀಮಂತರಿಗೆ ಜಾಸ್ತಿ ಹೋಗುವ ಸಬ್ಸಿಡಿಯನ್ನು ಉಳಿಸಲು ಬಡವರೇ ಬೀದಿಗೆ ಇಳಿಯುತ್ತಾರೆ. ಅವರನ್ನು ಬೈಯುವ ಹಾಗೂ ಇಲ್ಲ. ಸರ್ಕಾರದಿಂದ ಅವರ ಕೈಗೆ ಕಣ್ಣಿಗೆ ಕಾಣುವ ಹಾಗೆ ಬಂದದ್ದು ಅದೊಂದೇ ಆಗಿದ್ದರೆ ಬಿಟ್ಟುಕೊಡಿ ಅಂತ ಯಾವ ಬಾಯಲ್ಲಿ ಹೇಳುವುದು?

ನೈಜೀರಿಯಾದಲ್ಲಿ ಇದೇ ಆಯಿತು. ಕಚ್ಚಾ ತೈಲ ಮಾರುವ ದೇಶ, ಆದರೆ ಸರ್ಕಾರಿ ರಿಫೈನರಿಗಳು ಸರಿಯಾಗಿ ಓಡದೆ ಪೆಟ್ರೋಲನ್ನು ಹೊರಗಿನಿಂದ ತಂದು ಕಮ್ಮಿ ಬೆಲೆಗೆ ಮಾರುತ್ತಿತ್ತು. ಪಕ್ಕದ ದೇಶಗಳಲ್ಲಿ ಬೆಲೆ ಜಾಸ್ತಿ. ಅಗ್ಗದ ಪೆಟ್ರೋಲು ಗಡಿ ದಾಟದೆ ಇರುತ್ತದಾ? ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ ಆಯಿತು ಖಜಾನೆಯ ದುಡ್ಡು. 2012ರ ಜನವರಿ 1ರಂದು ತೆಗೆಯೋಕೆ ಹೋದರು. ಲೀಟರಿಗೆ 65 ನೈರಾ (ಅಲ್ಲಿನ ನಾಣ್ಯ) ಇದ್ದದ್ದು ಒಂದೇ ದಿನದಲ್ಲಿ ಎರಡು ಪಟ್ಟು ದಾಟಿತು, ದೇಶ ಬಂದ್ ಆಯಿತು, 97ಕ್ಕೆ ಇಳಿಸಿ ಕೈ ತೊಳೆದುಕೊಂಡರು. 2023ರ ಮೇ 29ಕ್ಕೆ ಬೋಲಾ ಟಿನುಬು ಅಧ್ಯಕ್ಷರಾಗಿ ಪ್ರಮಾಣ ಸ್ವೀಕರಿಸಿದ ಭಾಷಣದಲ್ಲೇ ಸಬ್ಸಿಡಿ ಮುಗಿಯಿತು ಅಂದರು. 200 ನೈರಾಗಿಂತ ಕಮ್ಮಿ ಇದ್ದ ಲೀಟರು ಕೆಲವೇ ದಿನಗಳಲ್ಲಿ 500ರ ಸುತ್ತ ಹೋಯಿತು. ಅಲ್ಲಿ ಕರೆಂಟಿನ ನಂಬಿಕೆ ಇಲ್ಲದೆ ಅಂಗಡಿ ಮನೆಗಳೆಲ್ಲ ಪೆಟ್ರೋಲ್ ಜನರೇಟರಿನಲ್ಲಿ ಓಡುತ್ತವೆ ಅನ್ನುವುದನ್ನು ನೆನಪಿಡಿ. ಪೆಟ್ರೋಲು ಏರಿದರೆ ಓಡಾಟದ ಜೊತೆಗೆ ದೀಪವೂ ದುಬಾರಿ. ನಿರ್ಧಾರ ತಪ್ಪು ಅಂತ ನಾನು ಹೇಳಲ್ಲ. ಜನರ ಕೈಗೆ ಮೊದಲು ಏನಾದರೂ ಇಟ್ಟು ಆಮೇಲೆ ಹೇಳಬಹುದಿತ್ತು.

ಇಟ್ಟು ಹೇಳಿದವರು ಇದ್ದಾರೆ. ಇರಾನ್. ಈ ಉದಾಹರಣೆ ಕೊಟ್ಟರೆ ಜನ ಹುಬ್ಬೇರಿಸುತ್ತಾರೆ, ಆದರೂ ಕೊಡುತ್ತೇನೆ. 2010ರ ಡಿಸೆಂಬರಿನಲ್ಲಿ ಅಲ್ಲಿ ಪೆಟ್ರೋಲು, ಡೀಸೆಲು, ಕರೆಂಟು, ನೀರು ಎಲ್ಲದರ ಬೆಲೆ ಏರಿಸಿದರು. ರೇಷನ್ ಕೋಟಾದ ಪೆಟ್ರೋಲು ಲೀಟರಿಗೆ 1,000 ರಿಯಾಲಿನಿಂದ 4,000ಕ್ಕೆ ಹೋಯಿತು, ನಾಲ್ಕು ಪಟ್ಟು. ಬೀದಿಯಲ್ಲಿ ದೊಡ್ಡ ಗಲಾಟೆ ಆಗಲಿಲ್ಲ. ಯಾಕೆ? ಬೆಲೆ ಏರಿಸುವ ಮೊದಲೇ ಕುಟುಂಬಗಳ ಬ್ಯಾಂಕ್ ಖಾತೆಗೆ ತಲಾ ತಿಂಗಳಿಗೆ 4 ಲಕ್ಷ ರಿಯಾಲಿಗೂ ಜಾಸ್ತಿ ಹಾಕಿದ್ದರು. ದುಡ್ಡು ಖಾತೆಯಲ್ಲಿ ಕಾಣುತ್ತಿತ್ತು, ಆದರೆ ತೆಗೆಯುವ ಹಾಗಿರಲಿಲ್ಲ. ಬೆಲೆ ಏರಿದ ದಿನವೇ ಬೀಗ ತೆಗೆದರು. ಎಂಥ ಲೆಕ್ಕಾಚಾರ ನೋಡಿ! ಹಾಗಂತ ಎಲ್ಲಾ ಸುಖವಾಗಿ ಮುಗಿಯಲಿಲ್ಲ. ಆ ಮೊತ್ತವನ್ನು ಹಣದುಬ್ಬರಕ್ಕೆ ತಕ್ಕ ಹಾಗೆ ಏರಿಸಲಿಲ್ಲ, ಕೆಲವೇ ವರ್ಷಗಳಲ್ಲಿ ಅದಕ್ಕೆ ಬೆಲೆ ಇಲ್ಲದ ಹಾಗಾಯಿತು. ಮುಂದೆ 2019ರ ನವೆಂಬರಿನಲ್ಲಿ ಅದೇ ದೇಶ ಯಾರಿಗೂ ಹೇಳದೆ ನಡುರಾತ್ರಿ ಪೆಟ್ರೋಲ್ ಬೆಲೆ ಏರಿಸಿತು. ದೇಶ ಹೊತ್ತಿ ಉರಿಯಿತು, ಇಂಟರ್ನೆಟ್ ಬಂದ್ ಮಾಡಿದರು, ತುಂಬಾ ಜನ ಪ್ರಾಣ ಕಳೆದುಕೊಂಡರು. ಒಂದೇ ದೇಶ, ಒಂದೇ ಪೆಟ್ರೋಲು. ಮೊದಲ ಸಲ ಜನರಿಗೆ ಲೆಕ್ಕ ತೋರಿಸಿದ್ದರು, ಎರಡನೇ ಸಲ ತೋರಿಸಲಿಲ್ಲ.

ಇಂಡೋನೇಷ್ಯಾದವರು ಸಮಯ ನೋಡಿ ಆಡಿದರು. 2014ರ ಮಧ್ಯದಲ್ಲಿ ಕಚ್ಚಾ ತೈಲ ಬ್ಯಾರೆಲ್ಲಿಗೆ 110 ಡಾಲರ್ ದಾಟಿತ್ತು, ಆರೇಳು ತಿಂಗಳಲ್ಲಿ 50ರ ಕೆಳಗೆ ಬಂತು. ಆ ಇಳಿಜಾರಿನಲ್ಲೇ ಪೆಟ್ರೋಲಿನ ಸಬ್ಸಿಡಿ ಕಳಚಿಟ್ಟರು. ಹಾಗಾಗಿ ಹೊಡೆತ ಅಷ್ಟು ಜೋರಾಗಿ ಬೀಳಲಿಲ್ಲ. ಉಳಿದ ದುಡ್ಡಿನ ಒಂದು ಪಾಲು ರಸ್ತೆ ಬಂದರುಗಳಿಗೆ ಹೋಯಿತು.

ಈಗ ಉಲ್ಟಾ ಕಡೆ. ಇಂಧನದ ಮೇಲೆ ತೆರಿಗೆ ಹಾಕುವುದು. ಸ್ವೀಡನ್ 1991ರಲ್ಲಿ ಇಂಗಾಲದ ತೆರಿಗೆ ತಂದಿತು, ಇಂಧನ ಸುಟ್ಟಾಗ ಬರುವ ಕಾರ್ಬನ್ ಡೈಆಕ್ಸೈಡಿನ ಟನ್ನಿಗೆ 250 ಕ್ರೋನಾ (ಅಲ್ಲಿನ ನಾಣ್ಯ). ಈಗ ಅದು 1,300ಕ್ಕೂ ಜಾಸ್ತಿ. ಆ ದೇಶವೇನೂ ದಿವಾಳಿ ಆಗಲಿಲ್ಲ. ಅದೇ ಹೊತ್ತಿಗೆ ಸಂಬಳದ ಮೇಲಿನ, ಕಂಪನಿಗಳ ಮೇಲಿನ ತೆರಿಗೆ ಇಳಿಸಿದ್ದರು. ಮನೆ ಬಿಸಿ ಮಾಡಲು ಎಣ್ಣೆ ಸುಡುತ್ತಿದ್ದವರಿಗೆ ಬೇರೆ ದಾರಿಯೂ ಇತ್ತು, ಇಡೀ ಬಡಾವಣೆಗೆ ಒಂದೇ ಕಡೆಯಿಂದ ಬಿಸಿನೀರು ಹರಿಸುವ ಕೊಳವೆ ವ್ಯವಸ್ಥೆ. ತೆರಿಗೆ ಏರಿದ ಹಾಗೆ ಜನ ಅದಕ್ಕೆ ಬದಲಾದರು.

ಫ್ರಾನ್ಸಿನಲ್ಲಿ 2018ರಲ್ಲಿ ಇದನ್ನೇ ಮಾಡೋಕೆ ಹೋಗಿ ಕೈ ಸುಟ್ಟುಕೊಂಡರು. ಹಿನ್ನೆಲೆ ಕೇಳಿ. ದಶಕಗಳ ಕಾಲ ಅಲ್ಲಿನ ಸರ್ಕಾರವೇ ಡೀಸೆಲ್ಲಿಗೆ ಪೆಟ್ರೋಲಿಗಿಂತ ಕಮ್ಮಿ ತೆರಿಗೆ ಹಾಕಿ ಡೀಸೆಲ್ ಕಾರು ಕೊಳ್ಳಿಸಿತು. 2012ರ ಹೊತ್ತಿಗೆ ಮಾರಾಟವಾಗುವ ಹೊಸ ಕಾರುಗಳಲ್ಲಿ 70%ಗೂ ಜಾಸ್ತಿ ಡೀಸೆಲ್. ಆಮೇಲೆ ಅದೇ ಸರ್ಕಾರ ಡೀಸೆಲ್ ಕೆಟ್ಟದ್ದು, ತೆರಿಗೆ ಕಟ್ಟಿ ಅಂತ ಬಂತು. ಹಳ್ಳಿಗಳಲ್ಲಿ, ಸಣ್ಣ ಊರುಗಳಲ್ಲಿ ರೈಲಿಲ್ಲ ಬಸ್ಸಿಲ್ಲ, ಕೆಲಸಕ್ಕೆ ಹೋಗಲು ಆ ಕಾರೇ ಗತಿ. ಅದೇ ವರ್ಷ ಶ್ರೀಮಂತರ ಸಂಪತ್ತಿನ ತೆರಿಗೆಯನ್ನು ಬರೀ ಮನೆ ಜಮೀನಿನಂಥ ಸ್ಥಿರಾಸ್ತಿಗೆ ಸೀಮಿತ ಮಾಡಿದ್ದರು. ಜನ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು, ನೋಡದೆ ಇರುತ್ತಾರಾ? ನವೆಂಬರ್ 17ಕ್ಕೆ ಹಳದಿ ಅಂಗಿ ತೊಟ್ಟು ವೃತ್ತಗಳಲ್ಲಿ ಬಂದು ಕೂತರು. ಡಿಸೆಂಬರಿನಲ್ಲಿ ತೆರಿಗೆ ಏರಿಕೆ ರದ್ದಾಯಿತು. ತೆರಿಗೆಯ ಉದ್ದೇಶ ಸರಿ ಇತ್ತು ಅಂತಲೇ ನಾನು ಈಗಲೂ ಹೇಳುವುದು. ಆದರೆ ನಿನ್ನೆ ನೀವೇ ತೋರಿಸಿದ ದಾರಿಯಲ್ಲಿ ನಡೆದವನಿಗೆ ಇವತ್ತು ದಂಡ ಹಾಕಿದರೆ ಅವನು ಉದ್ದೇಶ ನೋಡಲ್ಲ.

ಇಂಧನ ನೀತಿಯ ಇನ್ನೊಂದು ತೊಂದರೆ ಅಂದರೆ ಅದರ ಫಲ ಕಾಣುವಷ್ಟರಲ್ಲಿ ಮಾಡಿದ ಮಂತ್ರಿ ಇರುವುದಿಲ್ಲ. 1973ರ ಅಕ್ಟೋಬರಿನಲ್ಲಿ ಅರಬ್ ದೇಶಗಳು ತೈಲ ನಿರ್ಬಂಧ ಹಾಕಿದವು. 3 ಡಾಲರಿನ ಆಸುಪಾಸಿನಲ್ಲಿದ್ದ ಬ್ಯಾರೆಲ್ ಮರುವರ್ಷದ ಜನವರಿಗೆ 12ರ ಹತ್ತಿರ. ಫ್ರಾನ್ಸಿನ ಪ್ರಧಾನಿ ಪಿಯರ್ ಮೆಸ್ಮೆರ್ 1974ರಲ್ಲಿ ಅಣುವಿದ್ಯುತ್ತಿನ ದೊಡ್ಡ ಯೋಜನೆ ಘೋಷಿಸಿದರು, ಮುಂದಿನ 15 ವರ್ಷ ಚಿಲ್ಲರೆಯಲ್ಲಿ ಸುಮಾರು 50 ರಿಯಾಕ್ಟರ್ ಎದ್ದವು. ಡೆನ್ಮಾರ್ಕ್ ಆಗ ಹೆಚ್ಚು ಕಮ್ಮಿ ಪೂರ್ತಿ ಆಮದು ಎಣ್ಣೆಯ ಮೇಲೇ ನಿಂತಿತ್ತು, ಭಾನುವಾರ ಕಾರು ಓಡಿಸುವುದನ್ನೇ ನಿಷೇಧಿಸಬೇಕಾಗಿ ಬಂತು. ಅದು ಅಣು ಬೇಡ ಅಂದು ಗಾಳಿಯ ಕಡೆ ತಿರುಗಿತು. ಅವರು ಮಾಡಿದ ಒಂದು ಕೆಲಸ ನನಗೆ ತುಂಬಾ ಇಷ್ಟ. 1986ರಲ್ಲಿ ಎಣ್ಣೆ ಬೆಲೆ ಕುಸಿದಾಗ ಬೇರೆಯವರೆಲ್ಲ ಹಬ್ಬ ಮಾಡಿದರು, ಡೆನ್ಮಾರ್ಕ್ ಅದರ ಮೇಲೆ ತೆರಿಗೆ ಏರಿಸಿತು. ಉಳಿತಾಯದ ಅಭ್ಯಾಸ ತಪ್ಪಬಾರದು ಅಂತ. ಜರ್ಮನಿ ರಷ್ಯಾದಿಂದ ಕೊಳವೆಯಲ್ಲಿ ಬರುವ ಅಗ್ಗದ ಅನಿಲ ನಂಬಿತು, ಯುದ್ಧಕ್ಕೆ ಮುಂಚೆ ಅದರ ಅನಿಲ ಆಮದಿನಲ್ಲಿ ಅರ್ಧಕ್ಕಿಂತ ಜಾಸ್ತಿ ಅಲ್ಲಿಂದಲೇ. 2022ರಲ್ಲಿ ಅದು ನಿಂತಾಗ ಅಗ್ಗ ಅಂದುಕೊಂಡದ್ದರ ನಿಜವಾದ ಬೆಲೆ ಗೊತ್ತಾಯಿತು. ಹಾಗಂತ ಫ್ರಾನ್ಸನ್ನು ಹೊಗಳಿ ಸುಮ್ನೆ ಕೂರುವ ಹಾಗೂ ಇಲ್ಲ. ಅದೇ 2022ರಲ್ಲಿ ಅವರ ರಿಯಾಕ್ಟರುಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಕೊಳವೆ ಬಿರುಕು, ರಿಪೇರಿ ಅಂತ ನಿಂತಿದ್ದವು, ದೇಶ ಕರೆಂಟು ಆಮದು ಮಾಡಿಕೊಂಡಿತು.

ನಾರ್ವೆ ಬಗ್ಗೆ ಹೇಳದಿದ್ದರೆ ಭಾವ ಬಿಡಲ್ಲ, ಅವರಿಗೆ ಆ ದೇಶ ಅಂದರೆ ಪ್ರಾಣ. ತೈಲ ಕಂಪನಿಗಳ ಲಾಭದ ಮೇಲೆ ಅಲ್ಲಿ ಒಟ್ಟು 78% ತೆರಿಗೆ. ಕೇಳಿದರೆ ಎದೆ ಝಲ್ಲೆನ್ನುತ್ತದೆ, ಆದರೂ ಕಂಪನಿಗಳು ಓಡಿಹೋಗಿಲ್ಲ, ಯಾಕೆಂದರೆ ಹೂಡಿದ ಖರ್ಚನ್ನು ಕಳೆಯಲು ಬಿಡುತ್ತಾರೆ, ನಿಯಮ ದಿನಕ್ಕೊಂದು ಬದಲಾಗಲ್ಲ. ಬಂದ ದುಡ್ಡು ಸರ್ಕಾರದ್ದೇ ಒಂದು ಉಳಿತಾಯ ನಿಧಿಗೆ ಹೋಗುತ್ತದೆ. ಕಾನೂನು 1990ರಲ್ಲಿ, ಮೊದಲ ಕಂತು ಬಿದ್ದದ್ದು 1996ರಲ್ಲಿ. ನಿಧಿ ಹೂಡಿಕೆ ಮಾಡುವುದು ಪೂರ್ತಿ ವಿದೇಶದಲ್ಲಿ. ಮನೆಯೊಳಗೆ ಸುರಿದರೆ ಬೆಲೆ, ಸಂಬಳ, ಕರೆನ್ಸಿ ಎಲ್ಲಾ ಏರಿ ಬೇರೆ ಉದ್ಯಮಗಳು ಸಾಯುತ್ತವೆ ಅಂತ ಅವರಿಗೆ ಗೊತ್ತಿತ್ತು. ನೆದರ್ಲೆಂಡ್ಸಿನಲ್ಲಿ ಅನಿಲ ಸಿಕ್ಕಾಗ ಹಾಗೇ ಆಗಿತ್ತು, ಅದಕ್ಕೆ ಡಚ್ ಕಾಯಿಲೆ ಅಂತಲೇ ಹೆಸರು. ನಿಧಿಯಿಂದ ವರ್ಷಕ್ಕೆ ಇಷ್ಟೇ ಖರ್ಚು ಅಂತ 2001ರಲ್ಲಿ 4%ರ ನಿಯಮ ಮಾಡಿದರು, 2017ರಲ್ಲಿ 3%ಗೆ ಬಿಗಿ ಮಾಡಿದರು. ಐವತ್ತು ಲಕ್ಷ ಚಿಲ್ಲರೆ ಜನ, ಸಮುದ್ರದಡಿ ಎಣ್ಣೆ, ಮೊದಲೇ ಗಟ್ಟಿ ಇದ್ದ ಆಡಳಿತ. ಎಲ್ಲರೂ ನಾರ್ವೆ ಆಗೋಕಾಗಲ್ಲ, ಭಾವ.

ಒಂದು ಮಾತು ಸೇರಿಸದೆ ಹೋದರೆ ನಾನು ಜಿಪುಣರ ಪಕ್ಷ ಅಂದುಕೊಳ್ಳುತ್ತೀರಿ. ಸರ್ಕಾರ ಸಾಲ ಮಾಡಬಾರದು, ಖರ್ಚು ಕಮ್ಮಿ ಮಾಡುವುದೇ ಶಿಸ್ತು ಅನ್ನುವುದೂ ಸರಿಯಲ್ಲ. ಕೆಲಸವಿಲ್ಲದೆ ಜನ ಕೂತಿರುವಾಗ ಸರ್ಕಾರವೂ ಕೈ ಕಟ್ಟಿಕೊಂಡರೆ ಏನಾಗುತ್ತದೆ ಅಂತ ಗ್ರೀಸ್ ನೋಡಿ. 2010ರ ನಂತರ ಅಲ್ಲಿ ಖರ್ಚು ಕಡಿದು ತೆರಿಗೆ ಏರಿಸಿದರು. ಸರ್ಕಾರ ಒಂದು ಯೂರೋ ಕಡಿದರೆ ಆರ್ಥಿಕತೆ ಅರ್ಧ ಯೂರೋದಷ್ಟು ಕುಗ್ಗಬಹುದು ಅನ್ನುವಂಥ ಲೆಕ್ಕ ಇಟ್ಟುಕೊಂಡಿದ್ದರು. ಕುಗ್ಗಿದ್ದು ಅದಕ್ಕಿಂತ ತುಂಬಾ ಜಾಸ್ತಿ ಅಂತ 2012ರಲ್ಲಿ ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ತಾನೇ ಒಪ್ಪಿಕೊಂಡಿತು. ಅಷ್ಟರಲ್ಲಿ ಪೆಟ್ಟು ಬಿದ್ದಾಗಿತ್ತು, ಆ ದೇಶದ ಆರ್ಥಿಕತೆ ಸುಮಾರು ಕಾಲು ಭಾಗ ಕರಗಿಹೋಯಿತು. ಜನರ ಆದಾಯವೇ ಕುಗ್ಗಿದರೆ ತೆರಿಗೆ ಎಲ್ಲಿಂದ ಬರಬೇಕು? ತೆರಿಗೆ ಕಡಿತವೂ ಸುಮ್ನೆ ಕೆಟ್ಟದ್ದಲ್ಲ. ಅಮೆರಿಕದಲ್ಲಿ ಆದಾಯ ತೆರಿಗೆಯ ಅತಿ ಮೇಲಿನ ದರ 70% ಇದ್ದಾಗ 1981ರಲ್ಲಿ ಅಧ್ಯಕ್ಷ ರೇಗನ್ 50%ಗೆ ಇಳಿಸಿದ್ದರಲ್ಲಿ ಅರ್ಥ ಇತ್ತು. ಆದರೆ ಮರುವರ್ಷವೇ ಕೊರತೆ ನೋಡಿ ಬೇರೆ ತೆರಿಗೆ ಏರಿಸುವ ಮಸೂದೆಗೆ ಅದೇ ರೇಗನ್ ಸಹಿ ಹಾಕಿದ್ದನ್ನು ಅವರ ಅಭಿಮಾನಿಗಳು ಯಾಕೋ ಹೇಳುವುದೇ ಇಲ್ಲ.

ಇಷ್ಟು ಬರೆದು ಭಾವನಿಗೆ ಲಿಂಕ್ ಕಳಿಸುವ ಮೊದಲು ಅಕ್ಕನಿಗೆ ಓದಿ ಹೇಳಿದೆ. ಅವಳು ಅರ್ಧ ಕೇಳಿ, "ಅದೆಲ್ಲಾ ಇರಲಿ, ಬಜೆಟ್ ಬಂದಾಗ ನಾನು ಯಾವ ಪುಟ ನೋಡಬೇಕು ಅದನ್ನ ಹೇಳು" ಅಂದಳು. ತೆರಿಗೆ ದರದ ಪುಟ ಬಿಟ್ಟುಬಿಡು, ಅದನ್ನು ಟಿವಿಯವರೇ ಹೇಳುತ್ತಾರೆ, ವಿದ್ಯುತ್ ಕಂಪನಿ ಯಾರಿಗೆ ಎಷ್ಟು ಬಾಕಿ ಇಟ್ಟಿದೆ, ತೈಲ ಕಂಪನಿ ಯಾವ ಬ್ಯಾಂಕಿನಿಂದ ಎಷ್ಟು ಎತ್ತಿದೆ, ಸರ್ಕಾರ ಯಾರ ಸಾಲಕ್ಕೆ ಜಾಮೀನು ನಿಂತಿದೆ ಅಂತ ನೋಡು ಅಂದೆ. "ಅದು ಬಜೆಟ್ಟಿನಲ್ಲಿ ಇರುತ್ತಾ?" ಅಂದಳು. ಎಲ್ಲೋ ಹಿಂದಿನ ಅನುಬಂಧದಲ್ಲಿ ಇರುತ್ತೆ, ಕೆಲವು ಸಲ ಅಲ್ಲೂ ಇರಲ್ಲ ಅಂದೆ. ಭಾವ ಪಕ್ಕದಲ್ಲೇ ಇದ್ದರು ಅಂತ ಕಾಣುತ್ತದೆ. "ನಾರ್ವೆದು ಏನೋ ಬರೆದಿದ್ದಾನಂತೆ, ಅದನ್ನ ಇನ್ನೊಂದ್ಸಲ ಓದೋಕೆ ಹೇಳು" ಅನ್ನುವ ಧ್ವನಿ ಕೇಳಿಸಿತು.